ಹಗೇವಿಗೆ ಇಳಿಯುತ್ತಿದ್ದ ಕದಿರಮ್ಮ

ಬೇರಿಕೆ ಪಕ್ಕದ ಆ ಹಳ್ಳಿಯಲ್ಲಿ ಕದಿರಮ್ಮನಷ್ಟು ಸಣ್ಣ ಮೈಯ ಹೆಂಗಸು ಇನ್ನೊಬ್ಬಳಿರಲಿಲ್ಲ. ಗಂಡ ಸತ್ತ ಮೇಲೂ ಭಾವ ವೆಂಕಟರಮಣಪ್ಪ ಅವಳನ್ನು ಮನೆಯಲ್ಲಿ ಇಟ್ಟುಕೊಂಡದ್ದು ಅದಕ್ಕೇ. ಅವನ ಹಿತ್ತಿಲಲ್ಲಿ ನೆಲ ತೋಡಿ ಮಾಡಿದ ರಾಗಿ ಹಗೇವಿತ್ತು. ಒಳಗೆ ಕೋಣೆಯಷ್ಟು ಅಗಲ, ಬಾಯಿ ಮಾತ್ರ ಗಂಡಸರ ಭುಜ ತೂರದಷ್ಟು ಕಿರಿದು. ಸುಗ್ಗಿಯ ರಾಗಿ ಸುರಿಯುವ ಮುಂಚೆ ಕದಿರಮ್ಮನನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಅವಳು ದೀಪ ಹಿಡಿದು ಗೋಡೆಯ ಬಿರುಕು ಹುಡುಕಿ, ಸಗಣಿ ಬೂದಿ ಕಲಸಿದ ಜೇಡಿಮಣ್ಣು ಮೆತ್ತಬೇಕು. ಒಂದು ಸಂದು ಉಳಿದರೂ ಮಳೆಗಾಲದಲ್ಲಿ ತೇವ ನುಗ್ಗಿ ರಾಗಿ ಮುಗ್ಗಿಹೋಗುತ್ತಿತ್ತು.

ಯುದ್ಧದ ಕಾಲ. ದುಡ್ಡು ಕೊಟ್ಟರೂ ಕಾಳು ಸಿಗದ ವರ್ಷ. ತಳಿ ಊರಿನಲ್ಲಿದ್ದ ತಮ್ಮ ಚಿಕ್ಕಮುನಿಯಪ್ಪ ಅಕ್ಕನನ್ನು ಕರೆದಿದ್ದ, ಆದರೆ ಬರಿಗೈಲಿ ಬರಬೇಡ ಎಂದಿದ್ದ. ಮೆತ್ತುವುದು ಅರ್ಧ ಮುಗಿದಾಗ ಕದಿರಮ್ಮ ತಲೆಯೆತ್ತಿ, ಗಂಡನ ಪಾಲಿನ ರಾಗಿ ಕೊಟ್ಟರೆ ತಮ್ಮನ ಮನೆಗೆ ಹೋಗುತ್ತೇನೆ ಅಂದಳು. ಭಾವನ ಮುಖ ನೋಡಿಕೊಂಡು ಕೇಳುವ ಧೈರ್ಯ ಅವಳಿಗೆ ಎಂದೂ ಬಂದಿರಲಿಲ್ಲ. ಹಗೇವಿನ ಕತ್ತಲೊಳಗಿಂದ ಮಾತು ಬಂತು.

ವೆಂಕಟರಮಣಪ್ಪ ಬೈಯಲಿಲ್ಲ. ಅವಳು ಬಿಚ್ಚಿಟ್ಟಿದ್ದ ಹಗ್ಗವನ್ನು ಮೇಲೆಳೆದುಕೊಂಡು, ಬಾಯಿಗೆ ಚಪ್ಪಡಿ ಸರಿಸಿ ಉಣ್ಣಲು ಹೋದ. ದೀಪ ಆರಿತು. ಅವಳು ಗಂಟಲು ಹರಿಯುವಂತೆ ಕೂಗಿದಳು. ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಓರಗಿತ್ತಿ ಲಕ್ಷ್ಮಿದೇವಮ್ಮನಿಗೆ ಕೇಳಿಸಿತು. ಅವಳು ಹರವುತ್ತಲೇ ಇದ್ದಳು.

ಬಿಸಿಲು ಇಳಿದ ಮೇಲೆ ಚಪ್ಪಡಿ ಸರಿಯಿತು.

"ಏನೋ ಕೇಳ್ತಿದ್ದೆ?"

"ಏನಿಲ್ಲ ಭಾವ."

ಮಿಕ್ಕಿದ್ದನ್ನೂ ಮೆತ್ತಿ ಬಾ ಎಂದು ಬೇರೆ ದೀಪ ಇಳಿಬಿಟ್ಟ. ಕೊಟ್ಟಿಗೆಯ ಕಡೆಯ ಗೋಡೆಯಲ್ಲಿ ಕಿರುಬೆರಳು ತೂರುವ ಬಿರುಕಿತ್ತು. ಕದಿರಮ್ಮ ಅದಕ್ಕೆ ಮಣ್ಣು ತುಂಬಿದಳು. ಆಮೇಲೆ ಉಗುರಿನಿಂದ ಅಷ್ಟನ್ನೂ ಕೆರೆದು ತೆಗೆದಳು.

ಶ್ರಾವಣದಲ್ಲಿ ಹಗೇವು ತೆಗೆದಾಗ ಆ ಮಗ್ಗುಲ ರಾಗಿ ಕಪ್ಪಗೆ ಗಂಟುಕಟ್ಟಿ ನಾರುತ್ತಿತ್ತು. ಕದಿರಮ್ಮನನ್ನೇ ಇಳಿಸಿ, ಹಗ್ಗ ಮೇಲೆಳೆದುಕೊಂಡು, ಬಿರುಕಿನಲ್ಲಿ ಉಗುರಿನ ಗೀರು ಹಾಗೇ ಇದೆಯೆಂದು ಅವಳ ಬಾಯಿಂದಲೇ ಹೇಳಿಸಿದ ವೆಂಕಟರಮಣಪ್ಪ. ಮೇಲೆ ಬಂದ ಅವಳು ಹೊಡೆತಕ್ಕೆ ಮೈ ಬಿಗಿಹಿಡಿದು ನಿಂತಳು. ಅವನು ಆ ಕಪ್ಪು ರಾಗಿಯನ್ನೇ ಮೂಟೆ ಕಟ್ಟಿಸಿ ಅವಳ ಕಾಲ ಹತ್ತಿರ ಹಾಕಿಸಿದ.

"ಗಂಡನ ಪಾಲು ಕೇಳಿದ್ಯಲ್ಲ. ಎತ್ಕೊಂಡು ಹೋಗು."

ಅವಳು ಹೊತ್ತುಕೊಂಡು ತಳಿಗೆ ನಡೆದಳು. ಚಿಕ್ಕಮುನಿಯಪ್ಪ ಮೂಟೆ ಬಿಚ್ಚಿ ಮೂಸಿ, ಮತ್ತೆ ಕಟ್ಟಿದ. ಅವನ ಹೆಂಡತಿ ಪಾಪಮ್ಮ ಒಂದು ಹೊತ್ತು ಒಳ್ಳೆ ಮುದ್ದೆ ಇಕ್ಕಿ, ಮನೆಯಲ್ಲಿ ಮಕ್ಕಳಿದ್ದಾರೆ, ಇದನ್ನು ಒಳಗೆ ಇಡಲಾರೆ ಎಂದಳು. ಚಿಕ್ಕಮುನಿಯಪ್ಪ ಊರ ಹೊರಗಿನವರೆಗೂ ಮೂಟೆ ಹೊತ್ತುಕೊಟ್ಟ.

ಭಾವನ ಮನೆಗೇ ವಾಪಸು ಬಂದ ಕದಿರಮ್ಮನಿಗೆ ಆ ವರ್ಷವೆಲ್ಲ ಬೇರೆ ಕಾಳು ಸಿಗಲಿಲ್ಲ. ಕಪ್ಪು ರಾಗಿಯನ್ನೇ ತೊಳೆದು, ಒಣಗಿಸಿ, ಬೀಸಿ ಉಂಡಳು. ಹೊಟ್ಟೆ ಕಿತ್ತುಕೊಂಡಿತು, ಕೂದಲು ಉದುರಿತು, ಮೈ ಇನ್ನೂ ಸಣ್ಣದಾಯಿತು. ಮುಂದಿನ ಸುಗ್ಗಿಗೆ ಅಕ್ಕಪಕ್ಕದ ಮನೆಗಳವರೂ ತಮ್ಮ ಹಗೇವುಗಳಿಗೆ ಅವಳನ್ನೇ ಕರೆದರು. ಕರೆದಲ್ಲಿಗೆಲ್ಲ ಹೋಗಿ ಇಳಿದಳು. ಕೂಲಿ ರಾಗಿ ತರಲು ವೆಂಕಟರಮಣಪ್ಪ ಹೋಗುತ್ತಿದ್ದ.