ಡೊರೀನ್ ಮುಚ್ಚಿದ ತೂತುಗಳು

ನೆಲಕ್ಕೆ ಸುಮ್ಮನೆ ಯಾರೂ ತೂತು ಕೊರೆಯುವುದಿಲ್ಲ. ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಇದೊಂದೇ ಮಾತು ಸುತ್ತುತ್ತಿತ್ತು. ಪಾತ್ರೆ ತೊಳೆದೆ, ಮಾರ್ಥಾಳ ಹಾಸಿಗೆಯ ಬಟ್ಟೆ ಬದಲಾಯಿಸಿದೆ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ. ಮಾತು ಜಾಗ ಬಿಟ್ಟು ಕದಲಲಿಲ್ಲ.

ಮಾರ್ಥಾ ನನ್ನ ಮಗಳು. ಐದು ವರ್ಷದವಳು. ಅಕ್ಟೋಬರ್ ರಜೆಗೆಂದು ಆ ದಿನ ಬೆಳಿಗ್ಗೆ ಅಜ್ಜಿಯ ಜೊತೆ ಕಡಲ ದಂಡೆಗೆ ಹೊರಟಿದ್ದಳು. ಅಜ್ಜಿಯದು ಮಂಚ, ಒಲೆ, ಪಾಯಿಖಾನೆ ಎಲ್ಲವೂ ಒಳಗೇ ಇರುವ ವ್ಯಾನು. ಹೊರಡುವಾಗ ಅಜ್ಜಿ, ಎಂದರೆ ನಮ್ಮತ್ತೆ ಡೊರೀನ್, ಸ್ಟೀರಿಂಗ್ ಹಿಂದೆ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದರು:

“ಈ ಸಲ ನಿನ್ನ ಮಗಳ ಕಾಲಿಗೆ ಚಳಿ ಹೊಡೆಯಲ್ಲ ಕಣೆ ಜೆಮ್ಮಾ. ಆ ಹಾಳು ಗಾಳಿ ಎಲ್ಲಿಂದ ನುಗ್ತಿತ್ತು ಅಂತ ಕೊನೆಗೂ ಸಿಕ್ತು. ಒಲೆ ಕೆಳಗೆ, ಗ್ಯಾಸ್ ಹೀಟರ್ ಪಕ್ಕ, ನೆಲದಲ್ಲೇ ತೂತು. ಒಂದಲ್ಲ, ನಾಲ್ಕು. ಹಳೇ ದಿಂಬಿನ ಸ್ಪಂಜು ಕತ್ತರಿಸಿ ಗಿಡಿದು ತುಂಬಿದೀನಿ. ಮೇಲೆ ಟೇಪು.”

“ಒಳ್ಳೇದಾಯ್ತು” ಎಂದುಬಿಟ್ಟೆ. ವ್ಯಾನು ಬೀದಿಯ ಮೂಲೆ ತಿರುಗಿ ಮರೆಯಾದ ಮೇಲೆ, ಬೀಸಿದ ಕೈ ಇನ್ನೂ ಮೇಲೇ ಇರುವಾಗ, ತಡವಾಗಿ ಹೊಳೆಯಿತು: ಆ ತೂತು ಯಾಕಿತ್ತು?

ಫೋನು ಕೈಯಲ್ಲೇ ಇತ್ತು. ಆದರೆ ಫೋನ್ ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಬೇಸಿಗೆಯಲ್ಲಿ ಮೊದಲ ಸಲ ಮಾರ್ಥಾಳನ್ನು ಒಂದು ರಾತ್ರಿಯ ಮಟ್ಟಿಗೆ ಕರೆದುಕೊಂಡು ಹೋಗಿದ್ದಾಗ ನಾನು ಎಷ್ಟು ಸಲ ಫೋನ್ ಮಾಡಿದೆನೆಂದರೆ, ಡೊರೀನ್ ಮರುದಿನ ಮಧ್ಯಾಹ್ನವೇ ಮಗುವನ್ನು ತಂದು ಬಾಗಿಲಲ್ಲಿ ಬಿಟ್ಟು, “ನಿನ್ನ ಮಗಳು ಬಂಗಾರ. ನೀನು ಮಾತ್ರ ನನಗೆ ಆಗಲ್ಲ ತಾಯಿ” ಎಂದು ಹೊರಟುಹೋಗಿದ್ದರು. ಈ ಪ್ರವಾಸಕ್ಕೆ ಅವರು ಒಪ್ಪಿದ್ದೇ ಆ ಷರತ್ತಿನ ಮೇಲೆ. ಸಂಜೆ ಊಟ ಮುಗಿದ ಮೇಲೆ ಅವರೇ ಫೋನ್ ಮಾಡುತ್ತಾರೆ, ಅಲ್ಲಿಯವರೆಗೆ ನಾನು ಸುಮ್ಮನಿರಬೇಕು. “ಇನ್ನೊಂದು ಸಲ ಹಾಗೆ ಮಾಡಿದ್ರೆ ಅಮ್ಮ ಮಗೂನ ಮತ್ತೆ ಕರ್ಕೊಂಡು ಹೋಗಲ್ಲ, ನೋಡು” ಎಂದು ನನ್ನ ಗಂಡ ಕ್ರೇಗ್ ಕೂಡ ಎಚ್ಚರಿಸಿದ್ದ. ಮಾರ್ಥಾ ಆ ವ್ಯಾನಿಗಾಗಿ ವಾರದಿಂದ ಶೂ ಹಾಕಿಕೊಂಡೇ ಮಲಗುತ್ತಿದ್ದಳು.

ಡೊರೀನ್ ಬಸ್ಸು ಓಡಿಸಿ ಬದುಕಿದವರು. ನಮ್ಮೂರು ಗೇಟ್ಸ್‌ಹೆಡ್‌ನ ನದಿ ದಂಡೆಯಿಂದ ಗುಡ್ಡದ ಮೇಲಿನ ಆಸ್ಪತ್ರೆಯವರೆಗೆ, ಮತ್ತೆ ಆಸ್ಪತ್ರೆಯಿಂದ ನದಿ ದಂಡೆಗೆ, ಹರೆಯ ಮುಗಿದು ತಲೆ ನರೆಯುವವರೆಗೆ ಅದೇ ಹಾದಿ. ನಡುವೆ ಒಂದು ವೃತ್ತದಲ್ಲಿ ಕಡಲಿನ ಕಡೆಗೆ ಬಾಣದ ಗುರುತು ಹಾಕಿದ ಫಲಕವಿತ್ತು. “ಬಾಣ ಎಡಕ್ಕೆ, ನನ್ನ ಬಸ್ಸು ಬಲಕ್ಕೆ. ದಿನಾ. ನನಗೆ ಹುಚ್ಚು ಹಿಡೀದೇ ಇದ್ದದ್ದೇ ಹೆಚ್ಚು” ಎನ್ನುತ್ತಿದ್ದರು. ನಿವೃತ್ತಿಯಾದ ತಿಂಗಳೇ ಹೆಕ್ಸಮ್ ಎಂಬ ಊರಿನಲ್ಲಿ ಯಾರೋ ಮಾರುತ್ತಿದ್ದ ಹಳೆಯ ವ್ಯಾನನ್ನು ಕೊಂಡು, ಅದೇ ವೃತ್ತಕ್ಕೆ ಹೋಗಿ ಎಡಕ್ಕೆ ತಿರುಗಿಸಿದರು. ಮನೆಗೆ ಬಂದದ್ದು ಒಂಬತ್ತು ದಿನವಾದ ಮೇಲೆ.

ನಮ್ಮ ಮಾವ ವಿಲ್ಫ್ ಆ ವ್ಯಾನಿನಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ. ಅವರದು ಪಂದ್ಯದ ಪಾರಿವಾಳಗಳ ಹುಚ್ಚು. ಹಕ್ಕಿಯನ್ನು ನೂರಾರು ಮೈಲಿ ಆಚೆ ಬಿಡಿಸಿ, ಅದು ಮನೆಗೆ ಮರಳುವುದನ್ನು ಕಾಯುತ್ತಾ ಆಕಾಶ ನೋಡುತ್ತಾ ಕೂರುವುದೇ ಸುಖ. “ನನ್ನ ಹಕ್ಕಿಗಳಿಗೆ ಮನೆಗೆ ಬರೋ ಬುದ್ಧಿ ಇದೆ” ಎಂದು ಹೆಂಡತಿಗೆ ಕೇಳುವಂತೆ ಹೇಳುತ್ತಾರೆ. “ಅವಕ್ಕೆ ಬೇರೆ ದಾರಿ ಗೊತ್ತಿಲ್ಲ ಪಾಪ” ಎಂಬುದು ಡೊರೀನ್ ಕೊಡುವ ಉತ್ತರ.

ಇಷ್ಟು ಆಸೆಪಟ್ಟು ಕೊಂಡ ವ್ಯಾನು ಡೊರೀನ್‌ಗೆ ಒಂದು ದಿನವೂ ಸರಿ ಕಂಡಿಲ್ಲ. ಮೇಜಿನ ಕಾಲು ತಮ್ಮ ಮೊಣಕಾಲಿಗೆ ತಾಗುತ್ತದೆಂದು ಅದನ್ನು ಗರಗಸದಿಂದ ಕತ್ತರಿಸಿದರು. ಆಮೇಲೆ ಮೇಜು ಓಲಾಡತೊಡಗಿತು. ಸ್ನಾನದ ಮನೆಯ ಬಾಗಿಲು ಒಳಕ್ಕೆ ತೆರೆಯುತ್ತಿತ್ತು, ಅದನ್ನು ಹೊರಕ್ಕೆ ಮಾಡಿದರು. ಈಗ ಅದು ತೆರೆದರೆ ಫ್ರಿಜ್ ತೆರೆಯುವುದಿಲ್ಲ. ಹೇಗೂ ಸ್ನಾನದ ಮನೆಯಲ್ಲಿ ಮಡಚುವ ಕುರ್ಚಿಗಳನ್ನೂ ಬಿಸ್ಕತ್ತಿನ ಡಬ್ಬಗಳನ್ನೂ ತುಂಬಿದ್ದಾರೆ, ಸ್ನಾನಕ್ಕೆ ಹೋದ ಊರಿನ ಈಜುಕೊಳಕ್ಕೆ ಹೋಗುತ್ತಾರೆ. ಹೋದ ಕ್ರಿಸ್‌ಮಸ್‌ಗೆ ನಾನು ಒಲೆ, ಹೀಟರ್‌ಗಳಿಂದ ಹೊಮ್ಮುವ ವಿಷಗಾಳಿಯನ್ನು ಪತ್ತೆಹಚ್ಚಿ ಕೂಗುವ ಪುಟ್ಟ ಯಂತ್ರವೊಂದನ್ನು ಕೊಟ್ಟಿದ್ದೆ. ಬ್ರೆಡ್ ಸುಟ್ಟಾಗೆಲ್ಲ ಅದು ಅರಚುತ್ತದೆ ಎಂದು ಅದರ ಬ್ಯಾಟರಿ ತೆಗೆದು ಚಮಚಗಳ ಜೊತೆ ಖಾನೆಯಲ್ಲಿ ಇಟ್ಟಿದ್ದಾರೆ. “ನಿನ್ನ ಹಾಗೇನೇ ಅದು, ಬಿಡು” ಎಂದಿದ್ದರು. ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ.

ಈ ಕಾಯಿಲೆ ಅವರೊಬ್ಬರದಲ್ಲ. ಜೂನ್‌ನಲ್ಲಿ ಇಂಥ ವ್ಯಾನಿನವರ ಕೂಟಕ್ಕೆ ನನ್ನನ್ನೂ ಮಾರ್ಥಾಳನ್ನೂ ಕರೆದುಕೊಂಡು ಹೋಗಿದ್ದರು. ಯಾರದೋ ಹೊಲದ ಹುಲ್ಲಿನ ಮೇಲೆ ಸಾಲಾಗಿ ವ್ಯಾನುಗಳು. ಎರಡನೆಯ ದಿನ ಮಧ್ಯಾಹ್ನ ಎಲ್ಲರೂ ಬಾಗಿಲು ತೆರೆದಿಟ್ಟು ಚಹಾಕ್ಕೆ ನೀರಿಡುತ್ತಾರೆ. ಆ ಹೊತ್ತಿನಲ್ಲಿ ಯಾರು ಯಾರ ವ್ಯಾನಿಗೆ ಬೇಕಾದರೂ ಶೂ ಬಿಚ್ಚಿ ಹತ್ತಬಹುದು, ಕಪಾಟು ತೆರೆದು ನೋಡಬಹುದು. ಹೊಗಳಬಾರದು. ಕೇಳಬೇಕಾದ್ದು ಒಂದೇ ಪ್ರಶ್ನೆ: ಏನು ಬದಲಾಯಿಸ್ತೀರಿ? ಒಡೆಯರು ನಿಜ ಹೇಳಬೇಕು, ಅದೇ ಅಲ್ಲಿಯ ಮರ್ಯಾದೆ.

ಖಾಯಂ ಮಂಚವಿದ್ದವರು ಸೋಫಾ ಬೇಕಿತ್ತು ಎಂದರು. ಪಕ್ಕದ ವ್ಯಾನಿನವರು ಸೋಫಾ ಕಿತ್ತು ಮಂಚ ಮಾಡಿಸುತ್ತಿದ್ದರು. ದೊಡ್ಡದಿದ್ದವರಿಗೆ ಓಣಿಯಲ್ಲಿ ಹಿಡಿಯುವಂಥದು ಬೇಕು, ಚಿಕ್ಕದಿದ್ದವರಿಗೆ ನೆಟ್ಟಗೆ ನಿಂತು ಪ್ಯಾಂಟು ಹಾಕಿಕೊಳ್ಳುವಷ್ಟು ಜಾಗ ಬೇಕು. ಬೋಳುತಲೆಯ ಒಬ್ಬಾತ ಚಹಾ ಹೀರುತ್ತಾ, “ನಾನಾ? ಹೆಂಡತೀನ ಬದಲಾಯಿಸ್ತೀನಿ” ಎಂದ. ಒಳಗಿನಿಂದ ಆಕೆ, “ಹೋದ ವರ್ಷಾನೂ ಇದನ್ನೇ ಹೇಳಿದ್ರು. ಬದಲಿಗೆ ಕೊಡೋರು ಯಾರೂ ಸಿಗಲಿಲ್ಲ” ಎಂದಳು. ಡೊರೀನ್‌ರ ಸರದಿ ಬಂದಾಗ ಅವರು ಮಾತ್ರ ನಗಲಿಲ್ಲ. “ಕಾಲಿಗೆ ಗಾಳಿ ಹೊಡೆಯುತ್ತೆ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ. ಅದೊಂದು ಹೋಗ್ಲಿ, ನಾನು ಇನ್ನೇನೂ ಕೇಳಲ್ಲ.” ಯಾರಾದರೂ ಏನಾದರೂ ಹೇಳುತ್ತಿದ್ದರೋ ಏನೋ, ಆದರೆ ಅಷ್ಟರಲ್ಲಿ ಮಾರ್ಥಾ ಹೊರಗೆ ಬಿದ್ದು ಮೊಣಕೈ ತರಚಿಕೊಂಡಳು. ನಾನು ಅತ್ತ ಓಡಿದೆ.

ಈಗ ಮನೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಕಿಟಕಿಯಾಚೆ ಮೋಡ ಕವಿಯಿತು. ಕಡಲ ಕಡೆ ಇನ್ನೂ ಹೆಚ್ಚಿರುತ್ತದೆ. ಮಳೆ ಬಂದರೆ ಬಾಗಿಲು ಹಾಕುತ್ತಾರೆ, ಕಿಟಕಿ ಹಾಕುತ್ತಾರೆ, ಹೀಟರ್ ಹಚ್ಚುತ್ತಾರೆ. ನನಗೆ ಕೂರಲಾಗಲಿಲ್ಲ. ಕೋಟು ಹಾಕಿಕೊಂಡು ಮಾವನ ಪಾರಿವಾಳದ ಗೂಡಿನ ಕಡೆ ಹೊರಟೆ. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡೆ. ನಾನು ಹೆದರಿದ್ದೇನೆ ಎಂದು ಗೊತ್ತಾಗಬಾರದು. ನದಿಯ ಆಚೆ ದಡದ ನ್ಯೂಕಾಸಲ್‌ನಲ್ಲಿ ಓದಿದವಳು ಎಂಬ ಕಾರಣಕ್ಕೇ ನನ್ನನ್ನು ಈ ಮನೆಯಲ್ಲಿ ಮುಟ್ಟಿದರೆ ಒಡೆಯುವ ಗಾಜಿನ ಲೋಟ ಎನ್ನುತ್ತಾರೆ.

ವಿಲ್ಫ್ ಗೂಡಿನೊಳಗೆ ಬಗ್ಗಿ ಹಿಕ್ಕೆ ಕೆರೆಯುತ್ತಿದ್ದರು. ಪಂದ್ಯದ ಕಾಲ ಮುಗಿದು ಹಕ್ಕಿಗಳು ಗರಿ ಉದುರಿಸುತ್ತಿದ್ದವು. ಹಲಗೆಗಳ ನಡುವೆ ಉದ್ದಕ್ಕೂ ಬೆರಳು ತೂರುವಷ್ಟು ಸಂದು, ಅದರಲ್ಲಿ ತಣ್ಣನೆ ಗಾಳಿ ಆಡುತ್ತಿತ್ತು.

“ಈ ಸಂದು ಮುಚ್ಚಿದ್ರೆ ಹಕ್ಕಿಗಳಿಗೆ ಬೆಚ್ಚಗಿರಲ್ವಾ ವಿಲ್ಫ್?”

“ಬೆಚ್ಚಗಿರ್ತವೆ. ವಾರದಲ್ಲಿ ಅರ್ಧ ಸಾಯ್ತವೆ.” ತಲೆ ಎತ್ತಲಿಲ್ಲ. “ಕೆಟ್ಟ ಗಾಳಿ ಹೋಗೋಕೆ ದಾರಿ ಬೇಡ್ವಾ? ಏನು, ನೀನೂ ಹಕ್ಕಿ ಸಾಕ್ತೀಯಾ?”

“ಡೊರೀನ್ ವ್ಯಾನಿನ ತೂತು ಮುಚ್ಚಿದಾರೆ. ನೆಲದ್ದು, ನಾಲ್ಕೂ.”

ಕೆರೆಯುವ ಸದ್ದು ನಿಂತಿತು. ಅವರು ನಿಧಾನಕ್ಕೆ ಹಿಂದೆ ಸರಿದು ಹೊರಗೆ ಬಂದು, ಟೋಪಿ ತೆಗೆದು ನೋಡಿ ಮತ್ತೆ ಹಾಕಿಕೊಂಡರು.

“ಒಲೆ ಕೆಳಗಿನವಾ?”

“ಹೂಂ. ಯಾಕೆ?”

“ಮಾರಿದನಲ್ಲ, ಹೆಕ್ಸಮ್‌ನವನು. ಅವನು ಏನೋ ಹೇಳಿದ್ದ.” ಅವರು ನನ್ನನ್ನು ನೋಡದೆ ಹಕ್ಕಿಗಳನ್ನು ನೋಡುತ್ತಾ ಹೇಳಿದರು. “ಮಂಡಿ ಊರಿ ಒಂದೊಂದಾಗಿ ತೋರಿಸಿದ್ದ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ ಅಂತೆ. ಎಲ್ಲಾದ್ರೂ ಸೋರಿದ್ರೆ ನೆಲಕ್ಕಿಳಿದು ಆ ತೂತಲ್ಲೇ ಆಚೆ ಹೋಗ್ಬೇಕು. ಒಲೆ ಉರಿಯೋಕೆ ಹೊಸ ಗಾಳಿ ಬರೋದೂ ಅಲ್ಲಿಂದ್ಲೇ. ಯಾವತ್ತೂ ಮುಚ್ಬೇಡಿ ಸ್ವಾಮಿ ಅಂದಿದ್ದ.”

“ನಿಮಗೆ ಹೇಳಿದ್ನಾ? ಕೊಂಡಿದ್ದು ಡೊರೀನ್ ಅಲ್ವಾ?”

“ಅವಳು ಸ್ಟೀರಿಂಗ್ ಹಿಂದೆ ಕೂತಿದ್ಲು, ಕನ್ನಡಿ ಸರಿ ಮಾಡ್ಕೊಂಡು. ಅವನು ಎಲ್ಲ ನನ್ನ ಮುಖ ನೋಡ್ಕೊಂಡೇ ಹೇಳ್ತಿದ್ದ. ಗಂಡಸು ಅಂತ. ನನಗೋ ಆ ವ್ಯಾನು ಕಂಡ್ರೆ ಮೈ ಉರೀತಿತ್ತು. ಹೂಂ ಹೂಂ ಅಂದೆ.”

“ಆಮೇಲೆ ಅವರಿಗೆ ಹೇಳಲಿಲ್ವಾ?”

“ಅವಳು ಕೇಳಲಿಲ್ಲ.” ಉದುರಿದ ಗರಿಯೊಂದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. “ನಾನು ಆ ವ್ಯಾನಿನ ಸುದ್ದಿ ಎತ್ತಲ್ಲ, ಅವಳು ಹಕ್ಕಿ ಸುದ್ದಿ ಎತ್ತಲ್ಲ. ಹಾಗೇ ನಡ್ಕೊಂಡು ಬಂದಿದೆ.”

ಫೋನನ್ನು ಅವರ ಕಡೆ ಚಾಚಿದೆ. “ಈಗ ಫೋನ್ ಮಾಡಿ ಹೇಳಿ.”

“ನಾನು ಹೇಳಿದ್ರೆ, ಹೊಟ್ಟೆಕಿಚ್ಚಿಗೆ ಹೇಳ್ತಾನೆ ಮುದುಕ ಅಂತ ಬಿಟ್ಬಿಡ್ತಾಳೆ. ಇನ್ನೆರಡು ಸ್ಪಂಜು ತುರುಕಿದ್ರೂ ತುರುಕಿದಳೇ.” ಫೋನನ್ನು ನನ್ನ ಕಡೆಗೇ ತಳ್ಳಿದರು. “ನೀನು ಮಾಡಮ್ಮ.”

ಮೊದಲ ಹನಿ ಗೂಡಿನ ತಗಡಿನ ಮೇಲೆ ಬಿತ್ತು. ಮಾರ್ಥಾ ಇನ್ನೆಂದೂ ಆ ವ್ಯಾನು ಹತ್ತದೆ ಹೋಗಬಹುದು. ನನ್ನನ್ನು ದೂರುತ್ತಲೇ ಬೆಳೆಯಬಹುದು. ಬೆಳೆಯಲಿ. ಗುಂಡಿ ಒತ್ತಿದೆ.

ರಿಂಗಾಯಿತು. ಆಗುತ್ತಲೇ ಇತ್ತು. ನಿಂತುಹೋಗುವ ಹೊತ್ತಿಗೆ ಎತ್ತಿದರು.

“ಮಾತು ಕೊಟ್ಟಿದ್ದೆ ನೀನು.”

“ಕೊಟ್ಟಿದ್ದೆ. ಹೀಟರ್ ಹಚ್ಚಿದೀರಾ?”

“ಹಚ್ಚದೇ? ಇಲ್ಲಿ ಮಳೆ ಹೊಡೀತಿದೆ. ಬಾಗಿಲೆಲ್ಲ ಹಾಕ್ಕೊಂಡು ಬೆಚ್ಚಗಿದೀವಿ. ಬೀನ್ಸ್ ಬಿಸಿ ಮಾಡ್ತಿದೀನಿ. ನಿನ್ನ ಮಗಳು ಕುದುರೆ ಬರೀತಾ ಇದಾಳೆ. ಫೋನ್ ಇಡ್ಲಾ?”

“ಇಡಬೇಡಿ. ಒಲೆ ಆರಿಸಿ, ಹೀಟರ್ ಆರಿಸಿ, ಬಾಗಿಲು ತೆಗೀರಿ. ಆಮೇಲೆ ಬೈಯಿರಿ.”

ನನ್ನ ದನಿಯಲ್ಲಿ ಏನಿತ್ತೋ ಗೊತ್ತಿಲ್ಲ. ಆ ಕಡೆ ಟಕ್ ಎಂದಿತು, ಇನ್ನೊಮ್ಮೆ ಟಕ್ ಎಂದಿತು. ಬಾಗಿಲು ಸರಿದು ಮಳೆಯ ಸದ್ದು ಒಮ್ಮೆಗೇ ದೊಡ್ಡದಾಯಿತು. ಮಾವ ಹೇಳಿದ್ದನ್ನು ಹಾಗೆ ಹಾಗೇ ಹೇಳಿದೆ. ಒಂದೇ ಉಸಿರಿಗೆ ಬಂತು, ಒಂದೆರಡು ಮಾತು ತಿರುಗಾಮುರುಗಾ ಆಯಿತು.

“ಇದನ್ನ ಯಾರು ಹೇಳಿದ್ದು?”

“ಮಾರಿದವರು. ವಿಲ್ಫ್‌ಗೆ.”

“ವ್ಯಾನು ಕೊಂಡೋಳು ನಾನು.”

“ಅದೇ ನಾನೂ ಅಂದೆ.”

ಫೋನನ್ನು ಎಲ್ಲೋ ಇಟ್ಟ ಸದ್ದು. ಮೊಣಕಾಲು ಊರುವಾಗ ಹೊರಡುವ ನರಳಿಕೆ. ಟೇಪು ಕಿತ್ತುಬರುವ ಚರಚರ. ಮಾರ್ಥಾಳ ದನಿ ಕೇಳಿಸಿತು: “ಅಜ್ಜಿ, ಯಾಕೆ ನೆಲದ ಮೇಲೆ ಮಲಗಿದೀಯ?”

“ನಿಮ್ಮ ತಾತ ಕೊಟ್ಟ ಕೆಲಸ ಮಾಡ್ತಿದೀನಿ ಪುಟ್ಟಿ. ಆ ಬ್ರೆಡ್ ಕುಯ್ಯೋ ಚಾಕು... ಬೇಡ, ನೀನು ಮುಟ್ಬೇಡ, ನಾನೇ ತಗೋತೀನಿ. ನೀನು ಕೋಟು ಹಾಕ್ಕೊಂಡು ಬಾಗಿಲ ಹತ್ರ ಕೂತ್ಕೋ. ಜೆಮ್ಮಾ, ಇದೀಯಾ?”

“ಇದೀನಿ.”

“ಮೂರು ಬಂತು. ಒಂದು ಬರ್ತಿಲ್ಲ. ಅಷ್ಟು ಗಟ್ಟಿಯಾಗಿ ತುರುಕಿದೀನಿ, ನನ್ನ ಕೈಗೆ ಬೆಂಕಿ ಹಾಕ. ನೀನು ಫೋನ್ ಇಡ್ಬೇಡ.”

ಇಡಲಿಲ್ಲ. ವಿಲ್ಫ್ ನನ್ನ ಪಕ್ಕಕ್ಕೆ ಬಂದು, ಕಿವಿ ಫೋನಿನ ಕಡೆ ಬಾಗಿಸಿ ನಿಂತಿದ್ದರು. ಕಡಲ ದಂಡೆಯ ಆ ವ್ಯಾನಿನಲ್ಲಿ ಚಾಕು ಕೆರೆಯುವುದು ನಮ್ಮಿಬ್ಬರಿಗೂ ಕೇಳುತ್ತಿತ್ತು. ಆಮೇಲೆ ಡೊರೀನ್‌ರ ಏದುಸಿರು.

“ಬಂತು. ಹಾಳು ಗಾಳಿ ಮತ್ತೆ ಕಾಲಿಗೆ ಹೊಡೀತಿದೆ. ಸಮಾಧಾನ ಆಯ್ತಾ?”

“ಚಮಚದ ಖಾನೆಯಲ್ಲಿರೋ ಯಂತ್ರ...”

“ಬ್ಯಾಟರಿ ಹಾಕ್ತೀನಿ. ಹಾಕ್ತೀನಿ ಅಂದ್ನಲ್ಲ. ಅರಚಲಿ ಅತ್ಲಾಗೆ.” ಖಾನೆ ಎಳೆದ ಸದ್ದು, ಚಮಚಗಳ ಕಿಣಿಕಿಣಿ. “ಆ ಮನುಷ್ಯ ನಿನ್ನ ಪಕ್ಕದಲ್ಲಿ ಇದಾನಾ?”

ನಾನು ವಿಲ್ಫ್ ಕಡೆ ನೋಡಿದೆ. ಅವರು ಇಲ್ಲವೆನ್ನು ಎಂದು ಕೈಯಾಡಿಸಿದರು.

“ಇದಾರೆ” ಎಂದೆ.

“ಹೇಳು ಅವನಿಗೆ. ಬರೋ ಜೂನ್‌ನಲ್ಲಿ ಏನು ಬದಲಾಯಿಸ್ತೀರಿ ಅಂತ ಯಾರಾದ್ರೂ ಕೇಳಿದ್ರೆ, ನನ್ನ ಹತ್ರ ಉತ್ತರ ಇದೆ ಅಂತ.” ಆಮೇಲೆ, ದನಿ ತಗ್ಗಿಸಿ: “ನಾಳೆ ಬೆಳಿಗ್ಗೆ ಎದ್ದ ತಕ್ಷಣ ಒಂದ್ಸಲ ಫೋನ್ ಮಾಡು ಕಣೆ.”