ಬಿಳಿ ಚೀಟಿ, ನೀಲಿ ಚೀಟಿ

ಆ ಶುಕ್ರವಾರ ಬೆಳಿಗ್ಗೆ ಎಂದಿನಂತೆ ಆರಕ್ಕೆ ಎದ್ದು ಉಪ್ಪಿಟ್ಟಿಗೆ ರವೆ ಹುರಿದೆ. ಯಜಮಾನರು ಸೈಕಲ್ಲು ಹತ್ತಿ ವಿಶ್ವವಿದ್ಯಾಲಯದ ಲ್ಯಾಬಿಗೆ ಹೋದರು. ಮಗಳಿಗೆ ಮಳೆಯ ಪ್ಯಾಂಟು ತೊಡಿಸಿ ಶಿಶುವಿಹಾರಕ್ಕೆ ಬಿಟ್ಟು ಬಂದು, ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ಕುಳಿತೆ.

ನಾವು ಉಮೆಯೊಗೆ ಬಂದು ಮೂರು ವರ್ಷ ತುಂಬಿತ್ತು. ಪೌರತ್ವ ಇಲ್ಲದಿದ್ದರೂ ಅಷ್ಟು ವರ್ಷ ಇದ್ದವರಿಗೆ ಸ್ವೀಡನ್ನಿನಲ್ಲಿ ಊರಿನ ಮತ್ತು ಜಿಲ್ಲೆಯ ಆಡಳಿತದ ಚುನಾವಣೆಗಳಲ್ಲಿ ಮತವುಂಟು. 2006ರ ಆ ಸೆಪ್ಟೆಂಬರಿನಲ್ಲಿ ನನ್ನ ಹೆಸರಿಗೂ ಕಾರ್ಡು ಬಂದಿತ್ತು. ಅದೇ ನೆಪದಲ್ಲಿ ನಮ್ಮ ಸ್ವೀಡಿಷ್ ತರಗತಿಯ ಟೀಚರ್ ಒಂದು ಕೆಲಸ ಕೊಟ್ಟಿದ್ದರು: ನಿಮ್ಮ ದೇಶದ ಹೆಂಗಸರಿಗೆ ಮತ ಹೇಗೆ ಬಂತೆಂದು ಐದು ನಿಮಿಷ ಮಾತಾಡಬೇಕು. ಅದಕ್ಕಾಗಿ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ತಂದುಕೊಂಡಿದ್ದೆ. ಭಾರತ ಬ್ರಿಟಿಷರ ವಸಾಹತಾಗಿದ್ದಾಗ ಅಧಿಕಾರಿಗಳು ನಡೆಸಿದ ಸಂವಿಧಾನ ಸುಧಾರಣೆಯ ಚರ್ಚೆಗಳು ಅದರಲ್ಲಿದ್ದವು.

ಕಾನ್ವೆಂಟಿನಲ್ಲಿ ಸಿಸ್ಟರ್ ಈ ಸುಧಾರಣೆಗಳನ್ನೆಲ್ಲ ಇಸವಿಸಮೇತ ಬಾಯಿಪಾಠ ಮಾಡಿಸಿದ್ದರು. ಒಂದೊಂದು ಕಾಯಿದೆಯ ಕೆಳಗೂ ಕೆಂಪು ಪೆನ್ಸಿಲಿನ ಗೆರೆ. ಅದರ ಹಿಂದೆ ಇಂಥ ಮಾತು ನಡೆದಿತ್ತೆಂದು ಯಾರೂ ಹೇಳಿರಲಿಲ್ಲ. ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳದ ಹೆಂಗಸನ್ನು ಪಟ್ಟಿಗೆ ಸೇರಿಸುವುದು ಹೇಗೆಂದು ಒಬ್ಬ ಅಧಿಕಾರಿ ಕೇಳುತ್ತಾನೆ. ಹೆಂಡತಿಗೆ ಮತ ಕೊಟ್ಟರೆ ಗಂಡನಿಗೇ ಎರಡು ಮತ ಕೊಟ್ಟಂತೆ, ಅವನು ತೋರಿಸಿದ ಕಡೆ ಅವಳು ಹಾಕುತ್ತಾಳೆ ಎನ್ನುತ್ತಾನೆ ಇನ್ನೊಬ್ಬ. ಅದೂ ಎಷ್ಟು ತಣ್ಣಗೆ, ರಸ್ತೆ ಪಕ್ಕದ ಮೋರಿಯ ಅಳತೆ ಮಾತಾಡಿದ ಹಾಗೆ. ಓದುತ್ತ ಕುಳಿತವಳ ಕೈಯಲ್ಲಿ ಕಾಫಿ ಆರಿಹೋಯಿತು.

ಅಂದು ಮಧ್ಯಾಹ್ನ ತರಗತಿಯಲ್ಲಿ ಇದನ್ನು ಹೇಳುವಾಗ ನನ್ನ ದನಿ ಏರಿತು. ಮುಗಿಸಿ ಕುಳಿತಾಗ ಪಕ್ಕದ ಸೊಮಾಲಿ ಹೆಂಗಸು ನನ್ನ ಮೊಣಕೈ ತಿವಿದು ಕೇಳಿದಳು, “ಅಷ್ಟು ಕೋಪ ಬರುತ್ತಲ್ಲ, ನಿನ್ನೆ ನೀನು ಯಾರಿಗೆ ಓಟು ಹಾಕಿದೆ?”

“ಹೇಳಬೇಡ, ಅದು ಗುಟ್ಟು,” ಎಂದರು ಟೀಚರ್ ನಗುತ್ತ.

ಆ ಗುಟ್ಟು ನನಗೇ ಗೊತ್ತಿರಲಿಲ್ಲ.

ಚುನಾವಣೆ ಇದ್ದದ್ದು ಭಾನುವಾರ. ಆದರೆ ಲೈಬ್ರರಿಯಲ್ಲಿ ಮುಂಚಿತವಾಗಿ ಹಾಕಬಹುದೆಂದು ನಾವಿಬ್ಬರೂ ಗುರುವಾರವೇ ಹೋಗಿದ್ದೆವು. ಯಜಮಾನರು ಒಂದೊಂದು ಪಕ್ಷದ ಚೀಟಿಗಳನ್ನೂ ಬೇರೆಬೇರೆ ಜೋಡಿಸಿಟ್ಟಿದ್ದ ಸ್ಟ್ಯಾಂಡಿನಿಂದ ಎರಡೆರಡು ಎಳೆದು, “ತಗೊಳ್ಳೆ, ಈ ಬಿಳೀದು ಊರಿಗೆ, ಈ ನೀಲೀದು ಜಿಲ್ಲೆಗೆ. ಕವರಿಗೆ ಹಾಕಿ ಕೊಟ್ಟು ಬಾ. ಮಗೂನ ಕರ್ಕೊಂಡ್ಬರೋ ಟೈಮಾಯ್ತು,” ಎಂದಿದ್ದರು. ಮೇಜಿನ ಹಿಂದಿದ್ದಾಕೆಯ ಸ್ವೆಟರಿನಲ್ಲಿ ಮೂರನೆಯ ಗುಂಡಿ ಇರಲಿಲ್ಲ, ಕವರಿನ ಅಂಟು ಹುಳಿಹುಳಿಯಾಗಿತ್ತು. ಇದೆಲ್ಲ ನೆನಪಿದೆ. ಚೀಟಿಯ ಮೇಲಿನ ಪಕ್ಷದ ಹೆಸರನ್ನು ಮಾತ್ರ ನಾನು ಓದಿಯೇ ಇರಲಿಲ್ಲ.

ಸಂಜೆ ಯಜಮಾನರು ಸೌತೆಕಾಯಿ ಹೆಚ್ಚುತ್ತಿದ್ದಾಗ ಕೇಳಿದೆ. “ರೀ, ನಿನ್ನೆ ನಾನು ಯಾರಿಗೆ ಓಟು ಹಾಕಿದ್ದು?”

“ನಾನು ಹಾಕ್ದೋರ್ಗೇ. ಇನ್ಯಾರಿಗೆ ಹಾಕ್ತೀಯ?” ಎಂದು ಅವರು ನಕ್ಕು, ಒಂದು ಹೋಳು ನನ್ನ ಬಾಯಿಗಿಟ್ಟರು.

ಅದನ್ನು ಜಗಿಯುತ್ತಲೇ ಬಟ್ಟೆ ಬುಟ್ಟಿ ಎತ್ತಿಕೊಂಡು ಕೆಳಗೆ ಹೋದೆ. ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ ಎದುರುಮನೆಯ ಸ್ವೀಡಿಷ್ ಅಜ್ಜಿ ಹಾಸಿಗೆ ಬಟ್ಟೆ ಮಡಚುತ್ತಿದ್ದರು. ಹರಕು ಮುರುಕು ಸ್ವೀಡಿಷಿನಲ್ಲಿ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಹಾಕಿದ್ದು ಹಾಕಿದ ಹಾಗೇ, ಇನ್ನೇನು ಮಾಡಲಿ ಎಂದೆ.

ಅವರು ತಲೆ ಎತ್ತಲೂ ಇಲ್ಲ. “ಭಾನುವಾರ ನಿನ್ನ ಬೂತಿಗೇ ಹೋಗಿ ಮತ್ತೆ ಹಾಕು, ಮೊದಲಿನದು ರದ್ದಾಗುತ್ತೆ. ನಾನು ಪ್ರತಿ ಸಲ ಹಾಗೇ ಮಾಡೋದು, ನನ್ನ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ಆ ಬುಟ್ಟಿ ಸ್ವಲ್ಪ ಈ ಕಡೆ ತಳ್ಳು.”