ಕಾಯಿಲಿಗೆ ವಿಭೂತಿ

ಹಳೇ ಕಾಯಿಲನ್ನು ಮುಟ್ಟದೆಯೇ, ಹೊಸದು ಹಾಕಿದ್ದೇವೆ ಎಂದು ವಿಜಯಪುರದ ಒಂದು ಗ್ಯಾರೇಜು ನನ್ನಿಂದ ಎಂಟು ಸಾವಿರ ಕಿತ್ತಿತು.

ನನ್ನದು ಹಳೆಯ ಸ್ಪೋರ್ಟ್ಸ್ ಸೆಡಾನ್. ಟಿಕೋಟಾ ರಸ್ತೆಯ ಪ್ರತಿಯೊಂದು ಉಬ್ಬಿಗೂ ಅದರ ಹೊಟ್ಟೆ ತರಚುತ್ತದೆ, ವರ್ಷ ವರ್ಷವೂ ಒಂದಿಲ್ಲೊಂದು ಭಾಗ ಕೈಕೊಡುತ್ತದೆ. ಈ ಸಲ ಎಂಜಿನ್ನಿಗೆ ಕಿಡಿ ಕೊಡುವ ನಾಲ್ಕು ಕಾಯಿಲ್‌ಗಳಲ್ಲಿ ಒಂದು ಕೆಟ್ಟು ಗಾಡಿ ಮುಗ್ಗರಿಸುತ್ತಿತ್ತು. ಬೆಳಿಗ್ಗೆ ಬಿಲ್ ಕಟ್ಟಿ ಹೊರಟೆ; ಬಬಲೇಶ್ವರ ಮುಟ್ಟುವುದರೊಳಗೆ ಗಾಡಿ ಮತ್ತೆ ಮುಗ್ಗರಿಸಿತು.

ಗ್ಯಾರೇಜಿಗೆ ತಿರುಗಿ ಬಂದು ಮ್ಯಾನೇಜರನ ಎದುರೇ ಬಾನೆಟ್ ಎತ್ತಿಸಿ, ಎಂಜಿನ್ ಮುಚ್ಚಳ ತೆಗೆಸಿದೆ. ನಾಲ್ಕೂ ಕಾಯಿಲ್‌ಗಳ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಖಂಡೇನವಮಿಯ ಗಾಡಿಪೂಜೆಗೆ ನನ್ನ ಹೆಂಡತಿ ಆ ಮುಚ್ಚಳ ತೆಗೆಸಿ ಹಚ್ಚಿದ್ದು.

"ಏನ್ರಿ ಸಾಹೇಬ್ರ, ಕಂಪನಿಯವ್ರು ಪೂಜಾ ಮಾಡೇ ಕಳಸ್ತಾರೇನ್ರಿ?"

ಅವನು ಅಳುಕಲಿಲ್ಲ. "ಹೊಸಾ ಪಾರ್ಟ್ ಹಾಕೂ ಮುಂದ ನಾವೂ ವಿಭೂತಿ ಹಚ್ಚತೀವ್ರಿ."

"ಛಲೋ ಆತು. ಹಂಗಾರ ನಮ್ಮಾಕಿ ಹಚ್ಚಿದ ಹಳೇದು ತಗೊಂಡ್ ಬರ್ರಿ. ಎರಡೂ ಜೋಡಿ ಇಟ್ಟು ನಮಸ್ಕಾರ ಮಾಡೂಣು."

"ಅದು ಗುಜರಿಗೆ ಹೋಗೇತ್ರಿ."

"ಮುಂಜಾನೆ ಬಿಚ್ಚಿದ್ದು ಊಟದ ಹೊತ್ತಿಗೇ ಹೋತೇನ್ರಿ? ನನ್ನ ಗಾಡಿಗಿಂತ ಜೋರ್ ಐತಲ್ರಿ ಅದು!"

ಪಕ್ಕದಲ್ಲಿ ಬಿಲ್ ಕಟ್ಟಲು ನಿಂತಿದ್ದ ನಿಡೋಣಿಯ ಟೀಚರಮ್ಮ ಪರ್ಸು ಮುಚ್ಚಿದರು. "ತಮ್ಮಾ, ನಂದೂ ಬಾನೆಟ್ ತೆಗಿ. ನಾ ಹಚ್ಚಿದ್ದು ಕುಂಕುಮ."

ಅರ್ಧ ತಾಸಿನಲ್ಲಿ ನನಗೆ ನಿಜವಾದ ಹೊಸ ಕಾಯಿಲ್ ಬಂತು, ಬೋಳು ಹಣೆಯದು.

ಸುಮ್ಮನೆ ಬಿಲ್ ಕಟ್ಟಿ ಬರುವ ನಮ್ಮಂಥವರಿಂದಲೇ ಇವರು ಕೊಬ್ಬಿದ್ದಾರೆ. ಬಿಚ್ಚಿದ ಸಾಮಾನು ನಿಮ್ಮ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.